ಮಗ್ಗದ ಖಾತೆಯ ಮಾತು

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಹುಟ್ಟುಕಿವುಡು ಒಂದು ಮನೆತನದಲ್ಲಿ ಹೇಗೆ ಇಳಿದು ಬರುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹುಡುಕುವುದು ನನ್ನ ಕೆಲಸ. ಈಗ ಅದಕ್ಕೆ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಬಾಯಿ ತುಂಬುವ ಹೆಸರಿದೆ. ಎಂಬತ್ತರ ದಶಕದ ಮೊದಲಲ್ಲಿ ನಾನು ಶುರು ಮಾಡಿದಾಗ ಹೆಸರೂ ಇರಲಿಲ್ಲ, ಅದೊಂದು ಕೆಲಸ ಎಂದು ನಂಬುವವರೂ ಇರಲಿಲ್ಲ. ಅವ್ವ ಓಣಿಯವರಿಗೆಲ್ಲ "ನಮ್ಮ ನಡುವಿನಾಕಿ ಕಿವಿ ಲೆಕ್ಕ ಬರೀತಾಳೆ" ಎಂದು ಹೇಳುತ್ತಿದ್ದಳು. ಕೇಳಿದವರು ಕಿವಿಗೆಂಥ ಲೆಕ್ಕ, ಎರಡೇ ಅಲ್ಲವೇ ಎಂದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಜೊತೆಗೆ ಸಿಟ್ಟೂ ಬರುತ್ತಿತ್ತು.

ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮಗ್ಗದ ಖಾತೆಯವನು. ಸಾಲುಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಖಾತೆಯೊಳಗೆ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿನವರು ಕೂಗುವುದನ್ನೇ ಬಿಟ್ಟಿದ್ದರು. ದನಿ ತೆಗೆಯದೆ ತುಟಿಗಳನ್ನು ಅಗಲವಾಗಿ ಆಡಿಸಿ, ಕೈಬೆರಳು, ಹುಬ್ಬು, ಭುಜ ಎಲ್ಲವನ್ನೂ ಸೇರಿಸಿ ಮಾತಾಡುತ್ತಿದ್ದರು. ಇವತ್ತು ಬುತ್ತಿಗೆ ಏನು ತಂದೆ ಎನ್ನುವುದರಿಂದ ಹಿಡಿದು ಸಾಹೇಬನ ತಲೆಯಲ್ಲಿ ಹುಳ ಬಿದ್ದಿದೆ ಎನ್ನುವವರೆಗೆ ಎಲ್ಲವನ್ನೂ, ಸಾಹೇಬನ ಎದುರಿಗೇ, ಹಾಗೆ ಹೇಳಿಕೊಳ್ಳಬಹುದಿತ್ತು. ಅವ್ವ ಅದೇ ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಹೀಗಾಗಿ ನಾನೂ ನನ್ನ ಅಕ್ಕನೂ ಎರಡು ಭಾಷೆ ಕಲಿತೆವು: ಓಣಿಯಲ್ಲಿ ಕನ್ನಡ, ಮನೆಯಲ್ಲಿ ಮಗ್ಗದ ಖಾತೆಯ ಮಾತು.

ಗಿರಣಿಯವರ ಸಾಲುಮನೆಗಳಲ್ಲಿ ಒಂದೊಂದು ಗೋಡೆ ಎರಡು ಮನೆಗೆ. ನಮ್ಮ ಗೋಡೆಯಾಚೆ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದರು. ನಾವೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಒಳ್ಳೆಯ ಹೆಂಗಸು, ಆದರೆ ನಮ್ಮ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಕಡಿಮೆಯಾದದ್ದೂ ಅವರಿಗೆ ಗೊತ್ತಾಗುತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ನಮ್ಮ ಗೋಡೆಗೆ ನಿಜವಾಗಿಯೇ ಇತ್ತು. ಆದ್ದರಿಂದ ಮನೆಯಲ್ಲಿ ಗುಟ್ಟಿನ ಮಾತು ಬಂದ ಕೂಡಲೇ ಅಪ್ಪ ಅವ್ವ ದನಿ ನುಂಗಿ ಮಗ್ಗದ ಖಾತೆಯ ಮಾತಿಗೆ ಇಳಿಯುತ್ತಿದ್ದರು. ಮನೆ ಥಟ್ಟನೆ ನಿಶ್ಶಬ್ದವಾಯಿತೆಂದರೆ ಏನೋ ದೊಡ್ಡ ವಿಷಯ ನಡೆದಿದೆ ಎಂದು ತಿಳಿಯಬೇಕು.

ಇಂಥ ಮನೆಯಲ್ಲಿ ಎಪ್ಪತ್ತರ ಸುಮಾರಿಗೆ ನನ್ನ ತಂಗಿ ಹುಟ್ಟಿದಳು. ಚುರುಕು ಹುಡುಗಿ. ಅಪ್ಪ ತುಟಿ ಆಡಿಸಿದರೆ ಓಡಿಹೋಗಿ ತಂಬಿಗೆ ತರುತ್ತಿದ್ದಳು. ಅವ್ವ ಹುಬ್ಬು ಏರಿಸಿದರೆ ತಪ್ಪು ಮಾಡಿದ ಮುಖ ಮಾಡುತ್ತಿದ್ದಳು. ಅವಳೂ ತುಟಿ ಆಡಿಸಿ ಅದು ಬೇಕು ಇದು ಬೇಕು ಎಂದು ಪ್ರಾಣ ತಿನ್ನುತ್ತಿದ್ದಳು. ದನಿ ಇರಲಿಲ್ಲ, ನಿಜ. ನಮ್ಮ ಮನೆಯಲ್ಲಿ ದನಿ ಯಾರಿಗೆ ಬೇಕಿತ್ತು? ಬೇರೆ ಯಾವ ಮನೆಯಲ್ಲಾದರೂ ವರ್ಷ ತುಂಬುವುದರೊಳಗೆ ಗೊತ್ತಾಗಬಹುದಾದದ್ದು ನಮಗೆ ಅವಳನ್ನು ಶಾಲೆಗೆ ಹಾಕುವ ವಯಸ್ಸು ಬಂದರೂ ಗೊತ್ತಾಗಲಿಲ್ಲ.

ಕಂಡುಹಿಡಿದದ್ದು ಖಾಲಾ. ಒಂದು ಸಂಜೆ ಕರೆಂಟು ಹೋಯಿತು. ಖಾಲಾ ಬೆಂಕಿಪೆಟ್ಟಿಗೆ ಕೇಳಲು ನಮ್ಮ ಬಾಗಿಲಿಗೆ ಬಂದರು. ಕತ್ತಲಲ್ಲಿ ತಂಗಿ ಹೊಸ್ತಿಲ ಮೇಲೆ ಕೂತಿದ್ದಳು. ಅವರು ಕರೆದರು, ಇನ್ನೊಮ್ಮೆ ಕರೆದರು, ಕೊನೆಗೆ ಅವಳನ್ನೇ ಎಡವಿದರು. ಅಪ್ಪ ಬುಡ್ಡಿ ಹಚ್ಚಿಕೊಂಡು ಬಂದಾಗ ಖಾಲಾ ಹೊಸ್ತಿಲಲ್ಲೇ ನಿಂತು ಹೇಳಿದರು: "ಯವ್ವಾ, ಈ ಕೂಸಿಗೆ ಕಿವಿ ಕೇಳಂಗಿಲ್ಲ. ಬೆಳಕಿದ್ರೆ ಅಷ್ಟೇ ನಿಮ್ಮ ಮನ್ಯಾಗೆ ಮಾತು. ಕತ್ಲಾದ್ರೆ ನಿಮ್ಮದು ಮೂಗರ ಮನೆ."

ಅವ್ವನಿಗೆ ರೇಗಿಹೋಯಿತು. ಸಂಜೆ ಹೊತ್ತು ಎಂಥ ಮಾತಾಡ್ತೀರಿ ಎಂದು ಬಾಗಿಲು ಹಾಕಿಕೊಂಡಳು. ಆದರೆ ಬಾಗಿಲು ಹಾಕಿದ ಮೇಲೆ ತಂಗಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ತಂಗಿ ಗೋಡೆಯ ಮೇಲೆ ಬಿದ್ದ ಅವ್ವನ ನೆರಳು ನೋಡಿ ತಿರುಗಿದಳು. "ನೋಡಿದ್ಯಾ, ಕೇಳ್ತೈತೆ!" ಎಂದು ಅವ್ವ ಕುಣಿದಳು. ನಾನು ನೆರಳನ್ನು ನೋಡಿದ್ದೆ. ಹೇಳಬೇಕೋ ಬೇಡವೋ ತಿಳಿಯದೆ ತಂಗಿಯ ಹೆಗಲ ಮೇಲೆ ಕೈಯಿಟ್ಟೆ. ಅಪ್ಪ ಬುಡ್ಡಿಯನ್ನು ಆರಿಸಿ, ಕತ್ತಲಲ್ಲಿ ಇನ್ನೊಮ್ಮೆ ತಟ್ಟು ಎಂದ. ತಟ್ಟಿದಳು. ನನ್ನ ಕೈಯ ಕೆಳಗಿನ ಹೆಗಲು ಮಿಸುಕಲಿಲ್ಲ. ಅವ್ವ ತಟ್ಟುತ್ತಲೇ ಇದ್ದಳು.

ಆಮೇಲೆ ಕಾರಣಗಳ ಸಂತೆ ಶುರುವಾಯಿತು. ಬಸುರಿಯಾಗಿದ್ದಾಗ ಗಿರಣಿಗೆ ಹೋದದ್ದು ತಪ್ಪು, ಸದ್ದು ಹೊಟ್ಟೆಯೊಳಗೆ ಹೋಗಿ ಕೂಸಿನ ಕಿವಿ ಒಡೆಯಿತು ಎಂದರು ಕೆಲವರು. ಗ್ರಹಣ ನೋಡಿದ್ದಳು ಎಂದರು ಇನ್ನು ಕೆಲವರು. ಆಸ್ಪತ್ರೆಯ ಡಾಕ್ಟರು ಕಿವಿಗೆ ದೀಪ ಹಿಡಿದು ನೋಡಿ, "ಹುಟ್ಟಿನಿಂದಲೇ ಇದೆ" ಎಂದು ಮಾತ್ರ ಹೇಳಿದರು. ನಮ್ಮ ಮನೆಯಲ್ಲಿ ಗೆದ್ದದ್ದು ಗಿರಣಿಯ ಕಾರಣವೇ. ಅಪ್ಪನ ಕಿವಿಯೂ ಅಷ್ಟರಲ್ಲಿ ಮಂದವಾಗಿತ್ತಲ್ಲ, ಅದನ್ನೂ ಇದನ್ನೂ ಒಂದೇ ಗಂಟಿಗೆ ಕಟ್ಟಿದರು. ಅವ್ವ ಗಿರಣಿ ಬಿಟ್ಟಳು. ತಂಗಿಯನ್ನು ಯಾವ ಶಾಲೆಯೂ ಸೇರಿಸಿಕೊಳ್ಳದೆ, ಕೊನೆಗೆ ಖಾಲಾ ತಮ್ಮ ಮಿಷನ್ನಿನ ಪಕ್ಕ ಕೂಡಿಸಿಕೊಂಡು ಹೊಲಿಗೆ ಕಲಿಸಿದರು. ತಂಗಿ ಖಾಲಾಗೆ ಮಗ್ಗದ ಖಾತೆಯ ಮಾತು ಕಲಿಸಿದಳು. ಅಲ್ಲಿಗೆ ನಮ್ಮ ಗುಟ್ಟಿಗೆ ಗೋಡೆಯೊಂದೇ ಕಾವಲಾಗಿ ಉಳಿಯಿತು.

ನಾನು ಬಿ.ಎಸ್ಸಿ. ಮುಗಿಸಿ, ಕಿವಿ ಮತ್ತು ಮಾತಿನ ತೊಂದರೆಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿ ಸಹಾಯಕಿಯಾಗಿ ಸೇರಿದೆ. ತಂಗಿಯ ಕಿವಿಗೆ ಏನಾಯಿತೆಂದು ತಿಳಿಯಬೇಕೆಂಬ ಹಟ ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ. ನಮ್ಮೂರ ಕಡೆಯವಳೆಂದು ದಾವಣಗೆರೆ, ಹರಿಹರದ ಸುತ್ತಿನ ಮನೆಗಳನ್ನು ನನಗೇ ಕೊಟ್ಟರು. ಮನೆಮನೆಗೆ ಹೋಗಿ, ಕಿವಿ ಕೇಳದವರು ಯಾರಿದ್ದಾರೆ ಎಂದು ವಿಚಾರಿಸಿ, ಆ ಮನೆತನದ ಬಳ್ಳಿಯನ್ನು ಹಾಳೆಯ ಮೇಲೆ ಬಿಡಿಸಬೇಕು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ಹುಟ್ಟುಕಿವುಡರ ಚೌಕಕ್ಕೂ ದುಂಡಿಗೂ ಕಪ್ಪು ತುಂಬಬೇಕು.

ಕೇಳಲು ಎಷ್ಟು ಸುಲಭ! ಮೊದಲ ವಾರವೇ ನನ್ನ ತಲೆ ಕೆಟ್ಟಿತು. ಗಿರಣಿ ಸಾಲಿನಲ್ಲಿ ಒಬ್ಬ ಯಜಮಾನರಿಗೆ ಪ್ರಶ್ನೆಯನ್ನು ಕಿರುಚಿ ಕಿರುಚಿ ಹೇಳಬೇಕಾಯಿತು. ಕೊನೆಗೆ ಅರ್ಥವಾದಾಗ ಅವರು, "ನಮ್ಮ ಮನ್ಯಾಗೆ ಕಿವುಡ್ರು ಯಾರೂ ಇಲ್ಲಮ್ಮ!" ಎಂದು ಅಷ್ಟೇ ಜೋರಾಗಿ ಕಿರುಚಿದರು. ಗಿರಣಿಯಿಂದ ಹೋದ ಕಿವಿ ಅವರ ಲೆಕ್ಕದಲ್ಲಿ ಕಿವುಡಲ್ಲ, ಅದು ಕೆಲಸದ ಗುರುತು. ಗುತ್ತೂರಿನ ಕಾರ್ಖಾನೆ ಕೆಲಸಗಾರನೊಬ್ಬ, "ಬೆಳಿಗ್ಗೆ ಕೇಳ್ತೈತ್ರಿ, ಸಂಜಿಗೆ ಕೇಳಂಗಿಲ್ಲ. ಯಾವುದು ಬರ್ಕಂತೀರಿ?" ಎಂದು ನನ್ನನ್ನೇ ಕೇಳಿದ. ಸಾರಥಿ ಎಂಬ ಹಳ್ಳಿಯಲ್ಲಿ ಒಬ್ಬ ತಾಯಿ ಮಾತು ಬಾರದ ಇಬ್ಬರು ಮಕ್ಕಳನ್ನು ಹಿತ್ತಲಿಗೆ ಕಳಿಸಿ, "ಕೂಡ್ರಿ, ಮಜ್ಜಿಗೆ ಕುಡೀರಿ. ಆದ್ರೆ ಬರ್ಕಾಬ್ಯಾಡ್ರಿ. ಮನ್ಯಾಗೆ ಲಗ್ನಕ್ಕೆ ಬಂದ ಹುಡುಗಿ ಐದಾಳೆ" ಎಂದಳು. ನಾನು ಮಜ್ಜಿಗೆ ಕುಡಿದು ಬಂದೆ. ಯಾರಿಗೆ ಕಪ್ಪು, ಯಾರಿಗೆ ಬಿಳಿ ಎಂಬುದೇ ತಿಳಿಯದಂತಾಯಿತು.

ಅದರ ಮೇಲೆ ಕಂಪ್ಯೂಟರಿನ ಕಾಟ ಬೇರೆ. ಬಳ್ಳಿಯನ್ನು ನಂಬರುಗಳಾಗಿ ಮಾಡಿ, ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಬೆಂಗಳೂರಿಗೆ ಕಳಿಸುತ್ತಿದ್ದೆವು. ಅಲ್ಲಿಂದ ಮಡಿಕೆ ಮಡಿಕೆಯ ಕಾಗದದಲ್ಲಿ ಉತ್ತರ ಬರುತ್ತಿತ್ತು. ನಮ್ಮ ಕಡೆಯ ಮನೆಗಳಿಗೆಲ್ಲ ಒಂದೇ ಉತ್ತರ: ತಪ್ಪು. ಆ ಲೆಕ್ಕದ ಕ್ರಮವನ್ನು ಬರೆದವರು ಯಾವ ದೇಶದವರೋ, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುತ್ತಾರೆ ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ. ಒಬ್ಬ ಮನುಷ್ಯ ಮೇಲಿನ ತಲೆಮಾರಿನಲ್ಲೂ ಕೆಳಗಿನ ತಲೆಮಾರಿನಲ್ಲೂ ಇದ್ದರೆ ಯಂತ್ರ ಮುಷ್ಕರ ಹೂಡುತ್ತಿತ್ತು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಅಂಥವರನ್ನು ಸೀಳಿ ಇಬ್ಬರನ್ನಾಗಿ ಮಾಡಿದೆ. ಮಾವನಾಗಿ ಒಂದು ನಂಬರು, ಗಂಡನಾಗಿ ಇನ್ನೊಂದು ನಂಬರು. ಯಂತ್ರ ತೆಪ್ಪಗೆ ಲೆಕ್ಕ ಮಾಡಿತು. ನನ್ನ ಮೇಲಿನ ಡಾಕ್ಟರು ಬೆನ್ನು ತಟ್ಟಿದರು. ನನ್ನ ಕಸುಬಿನ ಮೊದಲ ಗೆಲುವು ಅದು.

ಆ ಹುರುಪಿನಲ್ಲೇ ಒಂದು ಭಾನುವಾರ ನಮ್ಮ ಮನೆಯ ಬಳ್ಳಿಯನ್ನೂ ಬಿಡಿಸಿದೆ. ಅಪ್ಪ ಅವ್ವನಿಗೆ ಸೋದರಮಾವನೇ. ಹಾಗಾಗಿ ಹದಡಿ ಹಳ್ಳಿಯಲ್ಲಿದ್ದ ನಮ್ಮಜ್ಜಿ ಅಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಅಪ್ಪನನ್ನು ಸೀಳಿ ಇಬ್ಬರನ್ನಾಗಿ ಮಾಡಿದ್ದಾಯಿತು. ಅಜ್ಜಿಯ ಮಕ್ಕಳನ್ನು ಬರೆಯಲು ಹದಡಿಗೆ ಹೋದೆ. ಅಜ್ಜಿ ಕಣದಲ್ಲಿ ಕೂತು ಜೋಳ ಕೇರುತ್ತಿದ್ದಳು. ಎಲ್ಲರ ಹೆಸರು ಹೇಳಿ, ಕೊನೆಗೆ ಕೇರುವುದನ್ನು ನಿಲ್ಲಿಸದೆ, "ಇನ್ನೊಂದು ಇತ್ತವ್ವ, ಗಂಡುಕೂಸು. ನಿಮ್ಮವ್ವ ಇನ್ನೂ ಹುಟ್ಟಿರ್ಲಿಲ್ಲ, ನಿಮ್ಮಪ್ಪ ಸಣ್ಣಾವ. ಮಾತು ಬರ್ಲಿಲ್ಲ ಅದಕ್ಕೆ. ಬಂಡಿ ಬರೋದು ಕೇಳ್ಲಿಲ್ಲ" ಎಂದಳು. ನಾನು ಒಂದು ಚೌಕ ಬರೆದು ಕಪ್ಪು ತುಂಬಿದೆ. ಹದಡಿಯಲ್ಲಿ ಆಗ ಯಾವ ಗಿರಣಿ? ಯಾವ ಮಗ್ಗ? ಹಾಗಾದರೆ ಇದು ಗಿರಣಿಯ ಸದ್ದಲ್ಲ, ನಮ್ಮ ರಕ್ತದ್ದೇ. ಇಷ್ಟು ವರ್ಷ ಅವ್ವ ಗಿರಣಿಯನ್ನೂ ತನ್ನನ್ನೂ ಬೈದುಕೊಂಡದ್ದು ಸುಮ್ಮನೆ. ಬಸ್ಸಿನಲ್ಲಿ ಬರುವಾಗ ನನಗೆ ಅಳು ಬಂತು. ಯಾರಿಗಾಗಿ ಎಂದು ಗೊತ್ತಾಗಲಿಲ್ಲ.

ಇದನ್ನು ಸುಮ್ಮನೆ ಇಟ್ಟುಕೊಳ್ಳುವಂತಿರಲಿಲ್ಲ. ಏಕೆಂದರೆ ಅಕ್ಕನ ಮದುವೆ ಮಾತು ನಡೆದಿತ್ತು. ಗಂಡು ಬೇರೆ ಯಾರೂ ಅಲ್ಲ, ಅವ್ವನ ಕಿರಿಯ ತಮ್ಮ, ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಮಾವ. ಅಕ್ಕ ಲಂಗ ಉಡುವ ಕಾಲದಿಂದಲೂ ಅವನನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ಅವನು ಶನಿವಾರ ಹರಿಹರದಿಂದ ಸೈಕಲ್ ತುಳಿದುಕೊಂಡು ಬಂದರೆ ಅಕ್ಕನ ಮುಖ ನೋಡಬೇಕಿತ್ತು. ಅವನೂ ಅಷ್ಟೇ, ಬೇರೆ ಕಡೆಯಿಂದ ಬಂದ ಹೆಣ್ಣುಗಳನ್ನೆಲ್ಲ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಹಾಳೆಯ ಮೇಲೆ ಅವರಿಬ್ಬರ ನಡುವೆ ಗೆರೆ ಎಳೆದರೆ ನಮ್ಮ ಬಳ್ಳಿ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿತ್ತು. ಅವರ ಮಗು ತಂಗಿಯಂತೆ ಹುಟ್ಟಬಹುದು. ಹುಟ್ಟದೆಯೂ ಇರಬಹುದು. ಹೇಳಿದರೆ ಅಕ್ಕನ ಬಾಳು, ಹೇಳದಿದ್ದರೆ ನಾಳೆ ಹುಟ್ಟುವ ಮಗು. ಅತ್ತ ದರಿ, ಇತ್ತ ಪುಲಿ.

ಅಕ್ಕನಿಗೇ ಮೊದಲು ಹೇಳಿದೆ. ಅವಳು ಹಾಳೆಯನ್ನು ನೋಡಿದಳು. "ಅಪ್ಪನ್ನ ಎರಡು ಮಾಡೀಯಲ್ಲ, ನನ್ನೂ ಎರಡು ಮಾಡು. ಒಂದು ಅವನ್ನ ಮಾಡ್ಕಳ್ಳಿ, ಒಂದು ಬ್ಯಾಡ ಅನ್ಲಿ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಖಂಡಿತ ಹಂಗೇ ಹುಟ್ಟುತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಮತ್ತೆ ಅಷ್ಟು ಓದಿ ಏನು ಮಾಡಿದಿ?" ಎಂದು ಹಾಳೆ ಮಡಚಿ ನನ್ನ ಕೈಗಿಟ್ಟಳು.

ಅಂದು ಸಂಜೆ ಅಪ್ಪ ಅವ್ವನ ಮುಂದೆ ವಿಷಯ ಬಿಚ್ಚಿದೆವು. ಖಾಲಾ ಗೋಡೆಯಾಚೆ ಕೆಮ್ಮುತ್ತಿದ್ದರು. ರೂಢಿಯಂತೆ ಎಲ್ಲರೂ ದನಿ ನುಂಗಿ ಮಗ್ಗದ ಖಾತೆಯ ಮಾತಿಗೆ ಇಳಿದೆವು. ನಾನು ತುಟಿಯಲ್ಲೇ ಅಜ್ಜಿಯ ಆ ಮಗನ ಕತೆ ಹೇಳಿದೆ, ರಕ್ತದ ವಿಷಯ ಹೇಳಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು, ಆಮೇಲೆ ಮಾತಾಡಬೇಕೆಂದು ತೆಗೆದಳು. ಕಳ್ಳುಬಳ್ಳಿ ಕಡೀಬಾರ್ದು ಎಂದ ಅಪ್ಪ. ಅವ್ವ ಅವನ ಕಡೆ ತಿರುಗಿ, ಕೈ ಬೀಸಿ, ತುಟಿ ಅಗಲಿಸಿ, "ಇಂಥದು ಇನ್ನೊಂದು ಹುಟ್ಟಿದ್ರೆ ಹೊರೋರು ಯಾರು?" ಎಂದಳು.

ಬಾಗಿಲ ಬೆಳಕಿನಲ್ಲಿ ಕೂತು ರವಿಕೆಗೆ ಹುಕ್ಕು ಹಚ್ಚುತ್ತಿದ್ದ ತಂಗಿಯ ಸೂಜಿ ನಿಂತಿತು.

ನಾವು ಎಂಥ ಮರುಳರು! ಖಾಲಾ ಅವರ ಕಿವಿಗೆ ಹೆದರಿ ದನಿ ನುಂಗಿದೆವು. ಆ ಮನೆಯಲ್ಲಿ ದನಿಯಿಲ್ಲದ ಮಾತಿಗಷ್ಟೇ ಕಿವಿಗೊಡುವವಳು ಮೂರು ಮಾರು ದೂರದಲ್ಲಿ ಕೂತಿದ್ದಳು. ದನಿ ತೆಗೆದು, ಮುಖ ಆಚೆ ತಿರುಗಿಸಿ ಮಾತಾಡಿದ್ದರೆ ಓಣಿಗೆಲ್ಲ ಕೇಳುತ್ತಿತ್ತು, ಅವಳೊಬ್ಬಳಿಗೆ ಕೇಳುತ್ತಿರಲಿಲ್ಲ. ನಮಗೆ ಗುಟ್ಟಾದದ್ದು ಅವಳಿಗೆ ಡಂಗುರ ಎಂಬುದು, ಕಿವಿ ಲೆಕ್ಕ ಬರೆಯುವ ನನಗೂ ಸೇರಿ, ಯಾರಿಗೂ ಹೊಳೆಯಲಿಲ್ಲ.

ತಂಗಿ ಎದ್ದು ಬಂದಳು. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ. ಹಾಳೆಯ ಮುಂದೆ ಕೂತು ಕಪ್ಪು ದುಂಡಿನ ಮೇಲೆ ಬೆರಳಿಟ್ಟು, ನಾನಾ ಎಂದಳು. ಹೌದು ಎಂದೆ. ಕಪ್ಪು ಚೌಕ ತೋರಿಸಿದಳು. ಅಜ್ಜಿಯ ಮಗ, ತೀರಿಕೊಂಡ ಎಂದೆ. ಅವನು ಯಾರ ಜೊತೆ ಮಾತಾಡುತ್ತಿದ್ದ ಎಂದು ಕೇಳಿದಳು. ಹದಡಿಯಲ್ಲಿ ಮಗ್ಗದ ಖಾತೆಯ ಮಾತು ಯಾರಿಗೂ ಬರುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅಕ್ಕ ಮತ್ತು ಮಾವನ ಕೆಳಗೆ ನಾನು ಖಾಲಿ ಬಿಟ್ಟಿದ್ದ ಜಾಗದ ಮೇಲೆ ಬೆರಳು ನಿಲ್ಲಿಸಿ, ಇದು ಎಂದಳು. ಗೊತ್ತಿಲ್ಲ ಎಂದೆ.

ಅವಳು ಅಕ್ಕನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿಗಳನ್ನು ಅಪ್ಪನ ಹಾಗೇ ಅಗಲವಾಗಿ ಆಡಿಸಿ ಹೇಳಿದಳು: "ಮಾವನ್ನ ಮಾಡ್ಕ. ನನ್ನಂಥದು ಹುಟ್ಟಿದ್ರೆ ನಂಗೆ ಕೊಡು. ಕೇಳೋದು ಹುಟ್ಟಿದ್ರೆ ನೀನು ಇಟ್ಕ."

ಅಕ್ಕ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅವ್ವ ಗೋಡೆಗೆ ಮುಖ ಮಾಡಿ ಕೂತಳು, ತಂಗಿಗೆ ತನ್ನ ತುಟಿ ಕಾಣಬಾರದೆಂದು. ಇದ್ದಕ್ಕಿದ್ದಂತೆ ಅಪ್ಪ, ತನಗೇ ಕೇಳದ ತನ್ನ ದನಿಯಲ್ಲಿ, "ಲಗ್ನ ಮಾಡ್ರಿ!" ಎಂದು ಸೂರು ಹಾರುವಂತೆ ಕೂಗಿದ. ಗೋಡೆಯಾಚೆಯಿಂದ ಖಾಲಾ, "ಯಾರ ಲಗ್ನ? ಯಾವಾಗ?" ಎಂದರು. ಅಳುತ್ತಿದ್ದವರೆಲ್ಲ ನಕ್ಕೆವು. ಮುಂದಿನ ಶನಿವಾರ ಮಾವ ಬಂದಾಗ ಅವನಿಗೂ ಎಲ್ಲ ಹೇಳಿದೆವು. ಅವನು ಹಾಳೆಯನ್ನು ಸರಿಯಾಗಿ ನೋಡಲೇ ಇಲ್ಲ. ಆಗಲಿ ಎಂದ.

ಮದುವೆಯಾಯಿತು. ಸರಿಯೋ ತಪ್ಪೋ ನನಗೆ ಆಗಲೂ ತಿಳಿಯಲಿಲ್ಲ. ಮುಂದೆ ನೂರಾರು ಮನೆತನಗಳ ಲೆಕ್ಕ ಮಾಡಿ ಎದುರಿಗೆ ಕೂತವರಿಗೆ ಸಲಹೆ ಹೇಳಿದ್ದೇನೆ, ಆದರೆ ನಮ್ಮ ಮನೆಯ ಹಾಳೆ ತೆಗೆದರೆ ಈಗಲೂ ಹಾಗೇ ಮಡಚಿ ಒಳಗಿಡುತ್ತೇನೆ.

ಅಕ್ಕ ಬಸುರಿಯಾದಾಗಿನಿಂದ ತಂಗಿಯ ಸಂಭ್ರಮ ಹೇಳತೀರದು. ಖಾಲಾ ಕೊಟ್ಟ ಚೂರುಬಟ್ಟೆಯಲ್ಲಿ ಕುಲಾವಿಗಳನ್ನು ಹೊಲಿದು ಗುಡ್ಡೆ ಹಾಕಿದಳು. ಮಗು ತನ್ನ ಪಾಲಿಗೇ ಬರುತ್ತದೆ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಬಾಣಂತನಕ್ಕೆ ಅಕ್ಕ ನಮ್ಮ ಮನೆಗೇ ಬಂದಳು. ಹೆಣ್ಣುಮಗು ಹುಟ್ಟಿತು. ಹಾಲು ಕುಡಿಯುವ ಹೊತ್ತು ಬಿಟ್ಟರೆ ಅದು ತಂಗಿಯ ತೊಡೆಯ ಮೇಲೇ. ಅವಳು ಅದರ ಮುಖದ ಮುಂದೆ ದಿನವಿಡೀ ತುಟಿ ಆಡಿಸುತ್ತಿದ್ದಳು. ಮಗುವೂ ಕಣ್ಣು ಕೀಲಿಸಿ ಆ ತುಟಿಗಳನ್ನೇ ನೋಡುತ್ತಿತ್ತು. ಅದನ್ನು ಕಂಡು, ಇದಕ್ಕೂ ಕೇಳುವುದಿಲ್ಲವೇನೋ ಎಂದು ಅವ್ವನ ಎದೆ ಒಡೆಯುತ್ತಿತ್ತು.

ಮಗು ಕತ್ತು ನಿಲ್ಲಿಸಿದ ಮೇಲೆ ನಾನು ರಜೆ ಹಾಕಿ ಬಂದೆ. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಹಿಂದಿನಿಂದ ತಟ್ಟೆ ಬೀಳಿಸು ಎಂದು ಅವ್ವನಿಗೆ ಹೇಳಿದೆ. ತಟ್ಟೆ ಬಿತ್ತು. ಮಗು ತಿರುಗಿತು. ಆದರೆ ಎದುರಿಗೆ ಕೂತ ತಂಗಿಯೂ ನೆಲದ ಅದುರಿಗೆ ತಿರುಗಿದ್ದಳು. ಮಗು ಸದ್ದಿಗೆ ತಿರುಗಿತೋ, ಅವಳು ನೋಡಿದ ಕಡೆ ನೋಡಿತೋ? ಹಾಳಾದ ಮನೆ, ಒಂದಕ್ಕೂ ನೆಟ್ಟಗೆ ಉತ್ತರ ಕೊಡುವುದಿಲ್ಲ ಎಂದು ಬೈದುಕೊಂಡು, ತಂಗಿಯನ್ನು ಮಗುವಿಗೆ ಕಾಣದಂತೆ ನನ್ನ ಬೆನ್ನ ಹಿಂದೆ, ಬಾಗಿಲ ಬಳಿ ನಿಲ್ಲಿಸಿದೆ. ಈ ಸಲ ಅವ್ವ ಹಿಂದೆ ಬಲಗಡೆ ನಿಂತು ಬಟ್ಟಲಿಗೆ ಚಮಚ ಮೆಲ್ಲಗೆ ತಾಕಿಸಿದಳು. ಮಗು ಬಲಕ್ಕೆ ತಿರುಗಿತು. ಎಡಗಡೆಗೆ ಹೋಗಿ ತಾಕಿಸಿದಳು. ಎಡಕ್ಕೆ ತಿರುಗಿತು.

"ಕೇಳ್ತೈತೆ! ಕೇಳ್ತೈತೆ!" ಎಂದು ಅವ್ವ ಬಟ್ಟಲನ್ನು ಎದೆಗವಚಿಕೊಂಡು ಅತ್ತಳು. ಅಪ್ಪ ಏನಂತೆ ಏನಂತೆ ಎಂದು ಕೇಳುತ್ತ ಓಡಿಬಂದ. ಖಾಲಾ ಗೋಡೆಯಾಚೆಯಿಂದಲೇ ದೇವರಿಗೆ ಶುಕ್ರಿಯಾ ಹೇಳಿದರು. ನಾನು ತಿರುಗಿ ತಂಗಿಯನ್ನು ನೋಡಿದೆ. ಎಲ್ಲರ ತುಟಿಗಳನ್ನೂ ಅವಳು ಓದಿ ಆಗಿತ್ತು. ಕೈಯಲ್ಲಿ ಹೊಸ ಕುಲಾವಿ ಇತ್ತು.

"ಹಂಗಾದ್ರೆ ನಂಗಿಲ್ಲ?" ಎಂದಳು, ದನಿಯಿಲ್ಲದೆ.

ಮಗುವಿಗೆ ಕೇಳುತ್ತದೆ ಎಂದು ನಗಬೇಕೋ ಇವಳಿಗಾಗಿ ಅಳಬೇಕೋ ತಿಳಿಯದೆ ನಾನು ಮಗುವಿನ ತಲೆ ಸವರಿದೆ. ಒಲೆಯ ಮುಂದಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಹೋಗಿ ತಂಗಿಯ ಕೈಗೆ ಕೊಟ್ಟಳು. "ಕುಲಾವಿ ಹಾಕು, ಗಾಳಿ ಐತೆ" ಎಂದು ತುಟಿಯಲ್ಲೇ ಹೇಳಿ, ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯ ಕಡೆ ಓಡಿದಳು.